ಎಫ್‌ಎಂಇಎ ನಂಬರ್ ನಿಜವಾಗಿ ಅಳತೆಯಾ, ಇಲ್ಲ ಮೀಟಿಂಗ್‌ನಲ್ಲಿ ಕೂತು ಒಪ್ಪಿಕೊಂಡದ್ದಾ?

ಪೀಣ್ಯ_ಕ್ಯೂಎ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಮಶೀನ್ ಶಾಪ್‌ನಲ್ಲಿ ಕ್ವಾಲಿಟಿ ಇಂಜಿನಿಯರ್ ನಾನು. ಅಲ್ಯೂಮಿನಿಯಂ ಕಾಸ್ಟಿಂಗ್ ತರಿಸಿ ಬೈಕಿನ ಬ್ರೇಕ್ ಮಾಸ್ಟರ್ ಸಿಲಿಂಡರ್ ಬಾಡಿ ಮಾಡುತ್ತೇವೆ. ಬೋರ್ ಹೊಡೆದ ಮೇಲೆ ಕೆಲವು ಪೀಸ್‌ಗಳಲ್ಲಿ ಒಳಗಿನ ಪೊರೋಸಿಟಿ (ಎರಕದಲ್ಲಿ ಉಳಿದ ಸಣ್ಣ ರಂಧ್ರ) ಬಾಯಿ ಬಿಡುತ್ತದೆ. ಅಂಥ ಪೀಸ್ ನಮ್ಮ ಕೈ ದಾಟಿ ಹೋದರೆ ಬ್ರೇಕ್ ಆಯಿಲ್ ಲೀಕ್.

ಇದಕ್ಕೆ ನಾನು ಎಫ್‌ಎಂಇಎಯಲ್ಲಿ, ಅಂದರೆ ಏನೇನು ಕೆಡಬಹುದು ಅಂತ ಮೊದಲೇ ಪಟ್ಟಿ ಮಾಡಿ 1ರಿಂದ 10ರವರೆಗೆ ನಂಬರ್ ಕೊಡುವ ಶೀಟ್‌ನಲ್ಲಿ, ಹಾಕಿದ್ದು: ಸಿವಿಯಾರಿಟಿ (ಪರಿಣಾಮ ಎಷ್ಟು ಗಂಭೀರ) 9, ಅಕರೆನ್ಸ್ (ಎಷ್ಟು ಸಲ ಆಗುತ್ತದೆ) 4, ಡಿಟೆಕ್ಷನ್ (ಕಂಡುಹಿಡಿಯುವುದು ಕಷ್ಟವಾದಷ್ಟೂ ನಂಬರ್ ಜಾಸ್ತಿ) 3. ಗುಣಿಸಿದರೆ ಆರ್‌ಪಿಎನ್ (ರಿಸ್ಕ್ ಪ್ರಯಾರಿಟಿ ನಂಬರ್) 108. ನಮ್ಮ ಕಸ್ಟಮರ್ ಇನ್ನೂ ಹಳೆ ಫಾರ್ಮ್ಯಾಟನ್ನೇ ಕೇಳುತ್ತಾರೆ. 100 ದಾಟಿದರೆ ಆಕ್ಷನ್ ಪ್ಲಾನ್ ಕೊಡಬೇಕು. ಆಡಿಟ್ ಹತ್ತಿರ ಬಂತು. ಪ್ರೊಡಕ್ಷನ್ ಮ್ಯಾನೇಜರ್ ಶೀಟ್ ನೋಡಿ, "ಹೋದ ವರ್ಷ ಒಂದೂ ಕಂಪ್ಲೇಂಟ್ ಬಂದಿಲ್ಲ, 4 ಯಾಕ್ರೀ? 3 ಹಾಕಿ" ಅಂದರು. 81 ಆಯಿತು, ಎಲ್ಲರೂ ಟೀ ಕುಡಿಯಲು ಎದ್ದರು. ಪೀಸ್ ಅದೇ, ಮಶೀನ್ ಅದೇ, ರಿಸ್ಕ್ ಮಾತ್ರ ಕೂತಲ್ಲೇ ಕಾಲು ಭಾಗ ಕಮ್ಮಿ!

ಬೋರ್ ಡಯಾ ನಾನು ಅಳೆದರೂ ಅವರು ಅಳೆದರೂ ಮೈಕ್ರಾನ್ ಲೆಕ್ಕದಲ್ಲಿ ತಾಳೆಯಾಗುತ್ತದೆ. ರಿಸ್ಕನ್ನೂ ಹಾಗೆ ಅಳೆಯಬಹುದಾ? ಇಲ್ಲ ಇದೆಲ್ಲ ಸುಮ್ನೆ ಫೈಲ್ ತುಂಬಿಸುವ ಕೆಲಸವಾ?

ಉದ್ಯಮಬಾಗ್_ಹಳಬ

ನಿಮ್ಮ ಮ್ಯಾನೇಜರ್ ಮೇಲೆ ಸಿಟ್ಟಾಗುವ ಮೊದಲು ಒಂದು ಮಾತು. 3 ಯಾಕೆ ಅಂತ ಅವರು ಹೇಳಿದರು, ಕಾರಣ ಸರಿಯೋ ತಪ್ಪೋ ಬೇರೆ ವಿಷಯ. 4 ಯಾಕೆ ಅಂತ ನೀವು ಎಲ್ಲೂ ಬರೆದಿಲ್ಲ ನೋಡ್ರಿ.

ನಾನು ಬೆಳಗಾವಿಯಲ್ಲಿ ಫೌಂಡ್ರಿ ಕಡೆ ಇರುವವನು. ನಿಮಗೆ ತಲೆನೋವು ಕೊಡುವ ಪೊರೋಸಿಟಿ ಹುಟ್ಟುವುದು ನಮ್ಮಂಥವರ ಹತ್ತಿರವೇ. ಹಾಗಾಗಿ ಈ ಜಗಳ ನನಗೆ ಚೆನ್ನಾಗಿ ಗೊತ್ತು.

ಮೊದಲು ಆ ಗುಣಾಕಾರ ಬಿಡಿ. ಸಿವಿಯಾರಿಟಿ 8 ಅಂದರೆ 4ರ ಎರಡರಷ್ಟು ಕೆಟ್ಟದ್ದು ಅಂತಲ್ಲ. ಎಸ್ಸೆಸ್ಸೆಲ್ಸಿ ರ‍್ಯಾಂಕ್ ಇದ್ದ ಹಾಗೆ, ಯಾವುದು ಮುಂದೆ ಯಾವುದು ಹಿಂದೆ ಅನ್ನುವುದಷ್ಟೇ ಅದು ಹೇಳುವುದು. ರ‍್ಯಾಂಕನ್ನು ರ‍್ಯಾಂಕಿನಿಂದ ಗುಣಿಸಿದರೆ ಏನು ಬರುತ್ತದೆ? ಇದನ್ನು ನೋಡಿ. ಬ್ರೇಕ್ ಲೀಕಿಗೆ 9, 2, 5 ಹಾಕಿದರೆ 90. ಬಾಡಿ ಮೇಲಿನ ಪೇಂಟ್ ಗೀರಿಗೆ 4, 6, 5 ಹಾಕಿದರೆ 120. ನಿಮ್ಮ 100ರ ಗೆರೆ ಪ್ರಕಾರ ಗೀರಿಗೆ ಆಕ್ಷನ್ ಪ್ಲಾನ್, ಬ್ರೇಕಿಗೆ ಏನೂ ಬೇಡ! ಆರ್‌ಪಿಎನ್‌ಗೆ ಹೀಗೆ ಗೆರೆ ಹಾಕಬೇಡಿ ಅಂತ ಅಮೆರಿಕದ ವಾಹನ ಉದ್ಯಮದ ಸಂಘ ಎಐಎಜಿಯ 2008ರ ಎಫ್‌ಎಂಇಎ ಕೈಪಿಡಿಯಲ್ಲೇ ಇದೆ. 2019ರಲ್ಲಿ ಜರ್ಮನಿಯ ಅಂಥದ್ದೇ ಸಂಘ ವಿಡಿಎ ಜೊತೆ ಸೇರಿ ಹೊಸದು ತಂದಾಗ ಆರ್‌ಪಿಎನ್ ತೆಗೆದೇ ಬಿಟ್ಟರು. ಈಗ ಆಕ್ಷನ್ ಪ್ರಯಾರಿಟಿ: ಹೈ, ಮೀಡಿಯಂ, ಲೋ. ಅದೂ ಅಳತೆಯೇನಲ್ಲ, ತಿಳಿದವರು ಕೂತು ಒಪ್ಪಿಕೊಂಡ ಟೇಬಲ್ಲು. ಆದರೆ ಸಿವಿಯಾರಿಟಿಯನ್ನು ಮುಂದಿಟ್ಟಿದ್ದಾರೆ, ಅಷ್ಟು ಒಳ್ಳೆಯದು.

ಈಗ ಒಂದೊಂದೇ ಕಾಲಂ ನೋಡೋಣ. ಅಕರೆನ್ಸ್ ಎಣಿಸಬಹುದಾದ ವಸ್ತು. ಲೀಕ್ ಟೆಸ್ಟ್ ರಿಜೆಕ್ಷನ್ ರಿಜಿಸ್ಟರ್ ತೆಗೆಯಿರಿ, ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚ್) ಪ್ರಕಾರ ಬಿಡಿಸಿ. "ಕಂಪ್ಲೇಂಟ್ ಬಂದಿಲ್ಲ" ಅನ್ನುವುದು ಎಣಿಕೆಯಲ್ಲ. 3000 ಪೀಸ್ ಕಳಿಸಿ ಒಂದೂ ಲೀಕ್ ಆಗದಿದ್ದರೂ, 95% ಭರವಸೆಯಲ್ಲಿ ನೀವು ಹೇಳಬಹುದಾದದ್ದು ಲೀಕ್ 1000ಕ್ಕೆ 1ಕ್ಕಿಂತ ಜಾಸ್ತಿ ಇರಲಿಕ್ಕಿಲ್ಲ ಅಂತ ಮಾತ್ರ. 3ನ್ನು ಪೀಸ್ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಬ್ರೇಕ್ ಪಾರ್ಟಿಗೆ 1000ಕ್ಕೆ 1 ಸಾಕಾ? ಮತ್ತೆ, ವಾರಂಟಿ ಮುಗಿದ ಗಾಡಿ ರೋಡ್ ಬದಿಯ ಗ್ಯಾರೇಜಿಗೆ ಹೋಗುತ್ತದೆ. ಆ ಲೀಕ್ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ.

ಡಿಟೆಕ್ಷನ್ ಇನ್ನೂ ಮೋಸದ್ದು. ಎಲ್ಲಾ ಪೀಸಿಗೂ ಗಾಳಿ ಹಾಕಿ ಲೀಕ್ ಟೆಸ್ಟ್ ಮಾಡುತ್ತೀರಿ, ಅದಕ್ಕೇ 3 ಹಾಕಿದ್ದೀರಿ, ಅಲ್ವಾ? ವಾಷಿಂಗ್ ಮಶೀನಿಂದ ಪೀಸ್ ಹಸಿಯಾಗಿ ಬಂದರೆ ಸಣ್ಣ ರಂಧ್ರದಲ್ಲಿ ನೀರೋ ಕೂಲೆಂಟೋ ಕೂತಿರುತ್ತದೆ. ಗಾಳಿಗೆ ದಾರಿ ಇಲ್ಲ, ಹಸಿರು ಲೈಟ್ ಬೀಳುತ್ತದೆ. ಪೀಸ್ ಇನ್ನೂ ಬಿಸಿ ಇದ್ದರೂ ಪ್ರೆಷರ್ ರೀಡಿಂಗ್ ದಾರಿ ತಪ್ಪುತ್ತದೆ. ಲೀಕ್ ಇರುವ ಮಾಸ್ಟರ್ ಪೀಸ್ ಹಾಕಿ ಶಿಫ್ಟ್ ಶುರುವಿನಲ್ಲಿ ಟೆಸ್ಟರನ್ನೇ ಟೆಸ್ಟ್ ಮಾಡುತ್ತೀರಾ? ಇಲ್ಲವಾದರೆ ನಿಮ್ಮ 3 ಬರೀ ಆಸೆ.

ಸಿವಿಯಾರಿಟಿಯನ್ನು ಯಾವ ಗೇಜೂ ಅಳೆಯುವುದಿಲ್ಲ. ಅದು ಮನುಷ್ಯರ ತೀರ್ಮಾನ.

ಕೊನೆಗೆ ಒಂದು ಕೆಲಸ. ಗೇಜ್ ಆರ್ ಆಂಡ್ ಆರ್ ಮಾಡುತ್ತೀರಲ್ಲ, ಮೂವರು ಆಪರೇಟರ್ ಒಂದೇ ಪೀಸ್ ಅಳೆಯುವುದು. ಅದನ್ನೇ ಮೀಟಿಂಗಿಗೂ ಮಾಡಿ. ಯಾರೂ ಬಾಯಿ ಬಿಡುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ನಂಬರ್ ಬರೆಯಲಿ. ಮ್ಯಾನೇಜರ್ ಮೊದಲು ಮಾತಾಡಿದರೆ ಉಳಿದವರ ನಂಬರ್ ಅಲ್ಲೇ ಸತ್ತುಹೋಗುತ್ತದೆ. ಚೀಟಿಗಳ ಸರಾಸರಿ ತೆಗೆದು ಮುಗಿಸಬೇಡಿ. ಎಲ್ಲಿ ತಾಳೆಯಾಗಲಿಲ್ಲವೋ ಅಲ್ಲಿ ಯಾಕೆ ಅಂತ ಕೇಳಿ. ಲೈನ್ ಮೇಲೆ ನಿಂತು ಕೆಲಸ ಮಾಡುವವರನ್ನೂ ಕೂರಿಸಿ.

ಮೈಸೂರು_ಮೆಡ್‌ಡಿವೈಸ್

ನಾವು ವೈದ್ಯಕೀಯ ಉಪಕರಣದವರು, ನಮ್ಮ ಸ್ಟ್ಯಾಂಡರ್ಡ್ ಐಎಸ್‌ಒ 14971. ಅದರಲ್ಲಿ ರಿಸ್ಕ್ ಅಂದರೆ ಹಾನಿ ಆಗುವ ಸಾಧ್ಯತೆ ಮತ್ತು ಹಾನಿಯ ತೀವ್ರತೆ, ಎರಡೇ. ಡಿಟೆಕ್ಷನ್‌ಗೆ ಬೇರೆ ಕಾಲಂ ಇಲ್ಲ. ಎಷ್ಟು ರಿಸ್ಕ್ ಒಪ್ಪಬಹುದು ಅನ್ನುವ ಮಾನದಂಡವನ್ನು ಕಂಪನಿ ಮೊದಲೇ ಬರೆದಿಡಬೇಕು. ನಂಬರ್ ನೋಡಿದ ಮೇಲೆ ಗೆರೆ ಎಳೆಯುವ ಹಾಗಿಲ್ಲ. ನಿಮ್ಮಲ್ಲಿ ಗೆರೆ ಮೊದಲೇ ಇತ್ತು, ಆದರೆ ಗೆರೆ ನೋಡಿಕೊಂಡು ನಂಬರ್ ಬರೆದಿರಿ. ಎರಡೂ ಒಂದೇ.

ಲೆಕ್ಕದ_ಮೇಷ್ಟ್ರು

"ಎಲ್ಲಾ ಅಭಿಪ್ರಾಯ" ಅಂತ ಕೈ ಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. 1986ರಲ್ಲಿ ಅಮೆರಿಕದ ಬಾಹ್ಯಾಕಾಶ ಶಟಲ್ ಚಾಲೆಂಜರ್ ಸಿಡಿದ ಮೇಲೆ ತನಿಖಾ ವರದಿಯ ಅನುಬಂಧದಲ್ಲಿ ಭೌತವಿಜ್ಞಾನಿ ಫೈನ್‌ಮನ್ ಬರೆದರು: ಶಟಲ್ ಕಳೆದುಕೊಳ್ಳುವ ಸಾಧ್ಯತೆ ಇಂಜಿನಿಯರ್‌ಗಳ ಪ್ರಕಾರ ಸುಮಾರು 100ಕ್ಕೆ 1, ಮ್ಯಾನೇಜ್‌ಮೆಂಟ್ ಪ್ರಕಾರ 1,00,000ಕ್ಕೆ 1. 2011ರಲ್ಲಿ ಶಟಲ್ ನಿಲ್ಲಿಸುವ ಹೊತ್ತಿಗೆ ಒಟ್ಟು 135 ಹಾರಾಟ, 2 ನಷ್ಟ. ಅಂದರೆ ಹತ್ತಿರ ಹತ್ತಿರ 67ಕ್ಕೆ 1. ಎರಡೂ ಅಂದಾಜೇ, ಆದರೆ ಒಂದು ಸತ್ಯದ ಪಕ್ಕದಲ್ಲಿತ್ತು, ಇನ್ನೊಂದು ಊರಾಚೆ. ಯಾರ ಅಂದಾಜಿಗೆ ಆಧಾರ ಇದೆ ಅಂತ ಕೇಳುವ ಅಭ್ಯಾಸ ಬೇಕು. ನಂಬರ್ ಜೊತೆ ಅದು ಎಷ್ಟು ಆಚೀಚೆ ಆಗಬಹುದು ಅನ್ನುವುದನ್ನೂ ಬರೆಯಿರಿ.

ಪೀಣ್ಯ_ಕ್ಯೂಎ

ಎಲ್ಲರಿಗೂ ಥ್ಯಾಂಕ್ಸ್. ಚೀಟಿ ಬರೆಸಿದೆ. ಸಿವಿಯಾರಿಟಿ ಎಲ್ಲರದ್ದೂ 9. ಅಕರೆನ್ಸ್ 3, 4, 4, 5. ಡಿಟೆಕ್ಷನ್‌ನಲ್ಲಿ ಮೂವರು 3 ಬರೆದರು, ಸೆಕೆಂಡ್ ಶಿಫ್ಟ್‌ನ ಲೀಕ್ ಟೆಸ್ಟ್ ಆಪರೇಟರ್ 7 ಬರೆದರು. ಯಾಕೆ ಅಂದರೆ, ಟಾರ್ಗೆಟ್ ಹಿಂದೆ ಬಿದ್ದ ದಿನ ಒಣಗಿಸುವ ಬ್ಲೋಯರ್ ಮುಂದೆ ಪೀಸ್ ನಿಲ್ಲಿಸುವುದೇ ಇಲ್ಲವಂತೆ. ಹಳಬರು ಹೇಳಿದ ಹಸಿ ಪೀಸ್! ಮ್ಯಾನೇಜರ್ ಏನೂ ಮಾತಾಡಲಿಲ್ಲ. 81 ಇನ್ನೂ ಶೀಟ್‌ನಲ್ಲೇ ಇದೆ.

ಉದ್ಯಮಬಾಗ್_ಹಳಬ

ಇದನ್ನು ಬರೆದಿಡುವಾಗ ಆ ಆಪರೇಟರ್ ಹೆಸರು ಎಲ್ಲೂ ಬರಬಾರದು. ಬಂದರೆ ಮುಂದಿನ ಸಲ ಅವರೂ 3 ಬರೆಯುತ್ತಾರೆ. 81ರ ಬಗ್ಗೆ ವಾದ ಮಾಡಲು ಹೋಗಬೇಡಿ. ಲೀಕ್ ಇರುವ ರಿಜೆಕ್ಟ್ ಪೀಸ್ ಒಂದಷ್ಟು ಆರಿಸಿ, ಮೊದಲು ಚೆನ್ನಾಗಿ ಒಣಗಿಸಿ ಓಡಿಸಿ, ಆಮೇಲೆ ವಾಷಿಂಗಿಂದ ತೆಗೆದ ತಕ್ಷಣ ಓಡಿಸಿ. ಹಸಿ ಇದ್ದಾಗ ಎಷ್ಟು ಪಾಸ್ ಆಯಿತು ಅಂತ ಮ್ಯಾನೇಜರ್ ಎದುರಿಗೇ ಎಣಿಸಿ, ಇಲ್ಲೂ ಹಾಕಿ.