ನರ್ಸಿಂಗ್ ಹೋಮ್‌ನ ಹಳೇ ಕೇಸ್ ಶೀಟ್ ಎಷ್ಟು ವರ್ಷ ಇಡಬೇಕು? ಗುಜರಿಗೆ ಹಾಕಬಹುದಾ?

ಮೆಟ್ಟಿಲಕೆಳಗಿನರೂಮು:
ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಚಿಕ್ಕ ನರ್ಸಿಂಗ್ ಹೋಮ್. ಅಕ್ಕ, ಭಾವ ಇಬ್ಬರೂ ಡಾಕ್ಟರು. ಆಫೀಸು, ಬಿಲ್ಲು, ಫೈಲು ಎಲ್ಲ ನನ್ನ ತಲೆಗೆ. ಮೆಟ್ಟಿಲ ಕೆಳಗಿನ ರೂಮಿನಲ್ಲಿ ಹಳೇ ಕೇಸ್ ಶೀಟ್ ತುಂಬಿ ಬಾಗಿಲು ಹಾಕೋಕೂ ಆಗುತ್ತಿಲ್ಲ, ಗೆದ್ದಲು ಬೇರೆ. ಗುಜರಿಯವನು ಕೆಜಿ ಲೆಕ್ಕದಲ್ಲಿ ತಗೊಂಡು ಹೋಗ್ತೀನಿ ಅಂತ ಬಂದು ಬಂದು ಕೇಳುತ್ತಿದ್ದಾನೆ. ಎಷ್ಟು ವರ್ಷದ್ದು ಇಟ್ಟುಕೊಳ್ಳಬೇಕು? ಒಬ್ಬರು 3 ಅಂತಾರೆ, ಇನ್ನೊಬ್ಬರು 5, ನೆಟ್‌ನಲ್ಲಿ ನೋಡಿದರೆ 6. ಇನ್ನೊಂದು ವಿಷಯ, ಮೊನ್ನೆ ಇನ್ಶೂರೆನ್ಸ್ ಕಡೆಯವರು ಅಂತ ಒಬ್ಬರು ಬಂದು ಒಬ್ಬ ಪೇಷೆಂಟ್‌ನ ಇಡೀ ಫೈಲ್ ಜೆರಾಕ್ಸ್ ಕೊಡಿ ಅಂತ ಕೂತುಬಿಟ್ಟಿದ್ದರು. ಕೊಡಬೇಕಾ?

ಎಂಆರ್‌ಡಿ_ಮೂಲೆ:
ಮೊದಲು ಗುಜರಿಯವನನ್ನು ವಾಪಸ್ ಕಳಿಸಿ. ಕೆಜಿ ಲೆಕ್ಕದಲ್ಲಿ ಹೋದ ಕಾಗದ ಸಂತೆಯಲ್ಲಿ ಕಡಲೆಕಾಯಿ ಪೊಟ್ಟಣವಾಗಿ ಬರುತ್ತದೆ. ಹೆಸರು, ವಯಸ್ಸು, ಊರು, ಕೆಳಗೆ ಸಕ್ಕರೆ ಕಾಯಿಲೆಯೋ ಇನ್ನೊಂದೋ, ಎಲ್ಲ ಓದೋಕೆ ಬರುತ್ತದೆ. ನಿಮ್ಮ ಊರಿನ ಸಂತೆಗೆ ನಿಮ್ಮ ಪೇಷೆಂಟ್‌ಗಳೇ ಬರ್ತಾರೆ ಅಲ್ವಾ.

ಈಗ ವರ್ಷದ ಲೆಕ್ಕ. ಮೆಡಿಕಲ್ ಕೌನ್ಸಿಲ್‌ನ 2002ರ ನೀತಿ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ಡಿಸ್ಚಾರ್ಜ್ ದಿನದಿಂದ ಅಲ್ಲ, ಶುರುವಾದ ದಿನದಿಂದ. 2023ರಲ್ಲಿ ಹೊಸ ನಿಯಮ ಬಂದಿತ್ತು, ಅದೇ ತಿಂಗಳು ಅದನ್ನು ತಡೆಹಿಡಿದರು, ಹಾಗಾಗಿ ಮತ್ತೆ 2002ರದ್ದೇ ನಡೆಯುತ್ತಿದೆ. ಆದರೆ 3 ಅನ್ನೋದು ಕನಿಷ್ಠ. ಗ್ರಾಹಕರ ಆಯೋಗಕ್ಕೆ ಹೋಗೋಕೆ ತಕರಾರು ಹುಟ್ಟಿದ ದಿನದಿಂದ 2 ವರ್ಷ ಟೈಮ್ ಇದೆ, ಸರಿಯಾದ ಕಾರಣ ಕೊಟ್ಟರೆ ತಡವಾದ ದೂರನ್ನೂ ತಗೊಳ್ತಾರೆ. ಆಗ ಕೇಸ್ ಶೀಟ್ ಇಲ್ಲ ಅಂದರೆ ನಿಮ್ಮ ಭಾವ ಏನು ಹೇಳಿದರೂ ಬಾಯಿಮಾತು ಅಷ್ಟೇ. ಎಂಎಲ್‌ಸಿ (ಅಪಘಾತ, ಹೊಡೆದಾಟದಂಥ ಪೊಲೀಸ್ ಕೇಸಿನ) ಫೈಲ್‌ಗಳನ್ನಂತೂ ಕೇಸ್ ಮುಗಿಯೋವರೆಗೆ ಮುಟ್ಟಬೇಡಿ. ಮಕ್ಕಳ ಫೈಲ್‌ಗಳು 18 ತುಂಬಿ ಮತ್ತೆ 3 ವರ್ಷ ಆಗೋವರೆಗೆ ಇರಲಿ.

ಎಷ್ಟು ವರ್ಷ ಅನ್ನೋದಕ್ಕಿಂತ ಯಾರ ಕೈಗೆ ಏನು ಹೋಯಿತು ಅನ್ನೋದಕ್ಕೆ ಬರಹ ಇದೆಯಾ ಅನ್ನೋದನ್ನು ನಾನು ಜಾಸ್ತಿ ನೋಡುತ್ತೇನೆ. ಒಂದು ಉದ್ದನೆ ನೋಟ್‌ಬುಕ್ ತಗೊಳ್ಳಿ. ತಾರೀಖು, ಟೈಮು, ಐಪಿ ನಂಬರ್ (ಒಳರೋಗಿಯ ಸಂಖ್ಯೆ), ಕೇಳಿದವರು ಯಾರು, ಗುರುತಿನ ಚೀಟಿ ನೋಡಿದಿರಾ, ಯಾಕೆ, ಎಷ್ಟು ಪುಟ ಕೊಟ್ಟಿರಿ, ತಗೊಂಡವರ ಸಹಿ. ಪೇಷೆಂಟ್ ಅಥವಾ ಅವರು ಅಧಿಕಾರ ಕೊಟ್ಟವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, ಕೇಳಿದ್ದಕ್ಕೆ ಸ್ವೀಕೃತಿಯೂ ಕೊಡಬೇಕು. ಟೈಮ್ ಬರೆದಿಲ್ಲ ಅಂದರೆ 72 ಗಂಟೆ ಎಲ್ಲಿಂದ ಎಣಿಸ್ತೀರಿ?

ಇನ್ಶೂರೆನ್ಸ್‌ನವರು ಬಂದರೆ ಕಂಪನಿಯ ಪತ್ರ ಮತ್ತು ಪೇಷೆಂಟ್ ಸಹಿ ಹಾಕಿದ ಒಪ್ಪಿಗೆ ಎರಡೂ ಕೇಳಿ. ಕ್ಲೇಮ್‌ಗೆ ಬೇಕಾದಷ್ಟು ಪುಟ ಮಾತ್ರ ಕೊಡಿ. ಪೊಲೀಸರು ಬಂದರೂ ಬಾಯಲ್ಲಿ ಕೇಳಿದರೆ ಆಗಲ್ಲ, ಬರಹದಲ್ಲಿ ನೋಟಿಸ್ ಕೊಡಿ ಅನ್ನಿ. ಈಗಿನ ಅಪರಾಧ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 94 (ಹಳೇ ಸಿಆರ್‌ಪಿಸಿ 91) ಇರುವುದೇ ಅದಕ್ಕೆ. ಒಳ್ಳೇ ಪೊಲೀಸರು ಬೇಜಾರೂ ಮಾಡಿಕೊಳ್ಳಲ್ಲ.

ಹೆರಿಗೆವಾರ್ಡ್:
ಮೇಲಿನವರು ಹೇಳಿದ್ದು ಸರಿ, ಆದರೆ ಅಕ್ಕ ಪ್ರಸೂತಿ ಡಾಕ್ಟರಾಗಿದ್ದರೆ ಇನ್ನೂ ಎರಡು ಲೆಕ್ಕ ಇವೆ. ಸ್ಕ್ಯಾನಿಂಗ್ ಇದ್ದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ದಾಖಲೆ, ಗರ್ಭಿಣಿಯ ಸ್ಕ್ಯಾನ್ ವಿವರ ಬರೆಯುವ ಫಾರಂ ಎಫ್ ಸೇರಿ, 2 ವರ್ಷ. ಕೇಸ್ ನಡೆಯುತ್ತಿದ್ದರೆ ಅದು ಮುಗಿಯೋವರೆಗೆ. ಎಂಟಿಪಿ (ಗರ್ಭಪಾತ) ಅಡ್ಮಿಷನ್ ರಿಜಿಸ್ಟರ್ ಆ ಕ್ಯಾಲೆಂಡರ್ ವರ್ಷ ಮುಗಿದ ದಿನದಿಂದ 5 ವರ್ಷ. ನಿಮಗೆ 5 ಅಂದವರು ಬಹುಶಃ ಇದನ್ನೇ ಹೇಳಿರಬೇಕು.

ಈ ಎಂಟಿಪಿ ರಿಜಿಸ್ಟರ್ ಬೀಗ ಹಾಕಿದ ಬೀರುವಿನಲ್ಲಿರಲಿ, ಕೌಂಟರ್ ಮೇಲಲ್ಲ. ಹೆಣ್ಣುಮಗಳ ಹೆಸರು ಅದೊಂದರಲ್ಲೇ ಇರಬೇಕು. ಕೇಸ್ ಶೀಟ್, ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್, ಫಾಲೋಅಪ್ ಕಾರ್ಡ್, ಎಲ್ಲದರಲ್ಲೂ ಬರೀ ಸೀರಿಯಲ್ ನಂಬರ್. ಒಪ್ಪಿಗೆ ಪತ್ರ ಸೀಲ್ ಮಾಡಿದ ಲಕೋಟೆಯಲ್ಲಿ. ಎಷ್ಟೋ ಕಡೆ ಓಟಿ ಪುಸ್ತಕದಲ್ಲಿ ಸಿಸೇರಿಯನ್ ಸಾಲಿನ ಕೆಳಗೇ ಪೂರ್ತಿ ಹೆಸರು, ಗಂಡನ ಹೆಸರು ಬರೆದಿರುತ್ತಾರೆ, ಆ ಪುಸ್ತಕವನ್ನು ಆಯಾನೂ ತೆರೆಯಬಹುದು. 2021ರ ತಿದ್ದುಪಡಿ ಆದ ಮೇಲೆ ಈ ಗುಟ್ಟು ಬಿಟ್ಟುಕೊಟ್ಟರೆ 1 ವರ್ಷದವರೆಗೆ ಜೈಲು. ಸುಮ್ನೆ ಹೆದರಿಸೋಕೆ ಹೇಳುತ್ತಿಲ್ಲ, ಇವತ್ತೇ ಓಟಿ ಪುಸ್ತಕ ತೆಗೆದು ನೋಡಿ.

ಕೋಡಿಂಗ್_ನೈಟ್‌ಶಿಫ್ಟ್:
ಆ 6 ವರ್ಷ ಎಲ್ಲಿಂದ ಬಂತು ಅಂತ ನಾನು ಹೇಳ್ತೀನಿ. ಅದು ಅಮೆರಿಕದ ಹಿಪಾ, ರೋಗಿಯ ಮಾಹಿತಿ ಗುಟ್ಟಾಗಿಡುವ ಅಲ್ಲಿನ ಕಾನೂನು. ಬೆಂಗಳೂರಿನಲ್ಲಿ ಕೂತು ಅಲ್ಲಿನ ಆಸ್ಪತ್ರೆಗಳ ಬಿಲ್ಲಿಂಗ್ ಮಾಡುವ ನಮಗೆ ದಿನಾ ಅದೇ ಪಾಠ. ತಮಾಷೆ ಅಂದರೆ ಆ 6 ವರ್ಷ ರೋಗಿಯ ಫೈಲ್‌ಗೆ ಅಲ್ಲವೇ ಅಲ್ಲ. ಪ್ರೈವೆಸಿ ನೀತಿ, ಸಿಬ್ಬಂದಿ ತರಬೇತಿ ದಾಖಲೆ, ದೂರುಗಳು, ಅಂಥ ಕಾಗದಪತ್ರಕ್ಕೆ. ರೋಗಿಯ ಫೈಲ್ ಎಷ್ಟು ವರ್ಷ ಅನ್ನೋದು ಅಲ್ಲಿ ಆಯಾ ರಾಜ್ಯದ ಕಾನೂನು. ನೆಟ್‌ನಿಂದ ಫಾರಂ ಇಳಿಸಿಕೊಂಡು ಹಿಪಾ ಪ್ರಕಾರ ಅಂತ ಬೋರ್ಡ್ ಹಾಕಿದ ಕ್ಲಿನಿಕ್‌ಗಳನ್ನು ಇಲ್ಲೇ ನೋಡಿದ್ದೇನೆ, ನಗು ಬರುತ್ತದೆ.

ನನ್ನ ಕೇಳಿದರೆ ಎಲ್ಲ ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕ್‌ಗೆ ಹಾಕಿ, ರೂಮ್ ಖಾಲಿ.

ಮೆಟ್ಟಿಲಕೆಳಗಿನರೂಮು:
ಎಲ್ಲರಿಗೂ ಥ್ಯಾಂಕ್ಸ್. ಓಟಿ ಪುಸ್ತಕದ ವಿಷಯ ಅಕ್ಕನಿಗೆ ತೋರಿಸಿದೆ, ಬೀರುವಿಗೆ ಹೊಸ ಬೀಗ ಬಂತು. ಸ್ಕ್ಯಾನ್ ಮಾಡಿಸೋದು ಒಳ್ಳೇದಾ? ಲ್ಯಾಬ್ ರಿಪೋರ್ಟ್ ಈಗಲೇ ಸ್ಟಾಫ್ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತದೆ.

ಎಂಆರ್‌ಡಿ_ಮೂಲೆ:
ಸ್ಕ್ಯಾನ್ ಮಾಡಿದ ತಕ್ಷಣ ಅದು ಡಿಜಿಟಲ್ ಮಾಹಿತಿ. ಬರೀ ಕಾಗದದಲ್ಲಿದ್ದಾಗ 2023ರ ಡಿಪಿಡಿಪಿ ಕಾಯ್ದೆ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ) ಮುಟ್ಟುತ್ತಿರಲಿಲ್ಲ, ಈಗ ಮುಟ್ಟುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ಮೇಲೆ ಜಾರಿ. ಭದ್ರತೆ ಸರಿಯಿಲ್ಲದೆ ಸೋರಿಕೆಯಾದರೆ ದಂಡದ ಮಿತಿ ₹250 ಕೋಟಿ. ನಿಮಗೆ ಅಷ್ಟು ಹಾಕ್ತಾರೆ ಅಂತಲ್ಲ. ಆದರೆ ಯಾರು ಫೈಲ್ ತೆರೆದರು ಅನ್ನೋ ಲಾಗ್ ಇರಬೇಕು, 1 ವರ್ಷವಾದರೂ ಇಡಬೇಕು. ಒಂದೇ ಪಾಸ್‌ವರ್ಡ್‌ನಲ್ಲಿ ರಿಸೆಪ್ಷನ್, ಲ್ಯಾಬ್, ಮೆಡಿಕಲ್ ಸ್ಟೋರ್ ಎಲ್ಲರೂ ಲಾಗಿನ್ ಆದರೆ ಲಾಗ್ ಇದ್ದೂ ಇಲ್ಲದಂತೆ.

ವಾಟ್ಸಾಪ್ ಗ್ರೂಪ್ ಮುಚ್ಚಿ. ಕೆಲಸ ಬಿಟ್ಟು ಹೋದ ನರ್ಸ್ ಫೋನಿನಲ್ಲಿ ರಿಪೋರ್ಟ್ ಉಳಿದೇ ಇರುತ್ತದೆ, ಅದನ್ನು ವಾಪಸ್ ಹೇಗೆ ತರ್ತೀರಿ? ರಿಪೋರ್ಟ್ ಸಂಬಂಧಪಟ್ಟ ಡಾಕ್ಟರಿಗೆ, ಪೇಷೆಂಟ್‌ಗೆ, ಅಷ್ಟೇ. ಎಚ್‌ಐವಿ ರಿಸಲ್ಟ್ ಅಂತೂ ಗ್ರೂಪಿಗೆ ಬರಲೇಬಾರದು, ಅದಕ್ಕೆ 2017ರ ಕಾನೂನು ಬೇರೆಯೇ ಇದೆ.

ಅವಧಿ ಮೀರಿದ ಫೈಲ್‌ಗಳ ಐಪಿ ನಂಬರ್ ಪಟ್ಟಿ ಮಾಡಿ, ಎಂಎಲ್‌ಸಿ, ಮಕ್ಕಳದ್ದು, ಕೇಸ್ ಇರೋದು ಬೇರೆ ಎತ್ತಿಡಿ. ಉಳಿದದ್ದನ್ನು ಕತ್ತರಿಸೋ ಮೆಷಿನ್‌ಗೆ ನಿಮ್ಮ ಕಣ್ಣೆದುರೇ ಹಾಕಿಸಿ. ಪಟ್ಟಿಯ ಕೆಳಗೆ ತಾರೀಖು ಹಾಕಿ ಭಾವನ ಸಹಿ, ನಿಮ್ಮ ಸಹಿ. ಆ ಪಟ್ಟಿಯನ್ನು ಮಾತ್ರ ಯಾವತ್ತೂ ಬಿಸಾಕಬೇಡಿ. ಚೂರಾದ ಮೇಲೆ ಬೇಕಾದರೆ ಗುಜರಿಯವನನ್ನು ಕರೆಯಿರಿ.