ತಮ್ಮ ಮಾತ್ರೆ ಬಿಟ್ಟಿದಾನೆ, ನಾನು ಏನ್ ಹೇಳಿದ್ರೂ ಉಲ್ಟಾ ಆಗ್ತಿದೆ (ಸ್ಕಿಜೋಫ್ರೇನಿಯಾ)

ನಿದ್ದೆಗೆಟ್ಟ ಅಕ್ಕ:

ತಮ್ಮನಿಗೆ 22 ವರ್ಷ. ಹೋದ ವರ್ಷ ರೂಮಿಂದ ಹೊರಗೆ ಬರೋದೇ ಕಮ್ಮಿ ಮಾಡ್ದ, ಓದು ನಿಂತೋಯ್ತು, ಫ್ರೆಂಡ್ಸ್ ಫೋನ್ ಎತ್ತಲ್ಲ, ನಾವೆಲ್ಲ ಸೋಮಾರಿತನ ಅಂದ್ಕೊಂಡು ಬೈದಿದ್ದೇ ಬೈದಿದ್ದು. ಆಮೇಲೆ ಪಕ್ಕದ ಮನೆಯವರು ಗೋಡೆ ಆಚೆಯಿಂದ ತನ್ನ ಬಗ್ಗೆನೇ ಮಾತಾಡ್ತಾರೆ, ಫೋನ್ ಒಳಗಿಂದ ನೋಡ್ತಾರೆ ಅಂತ ಶುರು ಮಾಡ್ದ. ಡಾಕ್ಟರ್ ಸ್ಕಿಜೋಫ್ರೇನಿಯಾ ಅಂದ್ರು. ಎರಡು ತಿಂಗಳು ಮಾತ್ರೆ ತಗೊಂಡ, ಎಷ್ಟೋ ವಾಸಿ ಆಗಿದ್ದ, ಈಗ ನಂಗೇನೂ ಆಗಿಲ್ಲ ಅಂತ ಪೂರ್ತಿ ಬಿಟ್ಟಿದಾನೆ.

ನಾನು ಸುಮ್ನಿರ್ಲಿಲ್ಲ, ಫೋನ್ ಕ್ಯಾಮೆರಾಗೆ ಟೇಪ್ ಅಂಟಿಸಿ ತೋರಿಸ್ದೆ, ಪಕ್ಕದ ಮನೆ ಖಾಲಿ ಇದ್ದ ದಿನ ಬೀಗ ಹಾಕಿದ್ದನ್ನೂ ತೋರಿಸ್ದೆ. ಅದರ ಫಲ ಏನು ಗೊತ್ತಾ, ಈಗ ನಾನೂ ಅವರ ಕಡೆಯವಳಂತೆ! ಅಮ್ಮ ಊಟದಲ್ಲಿ ಮಾತ್ರೆ ಪುಡಿ ಮಾಡಿ ಹಾಕೋಣ ಅಂತಾರೆ. ಅಪ್ಪ ನಾವು ಬೆಳೆಸಿದ್ದೇ ಸರಿ ಇಲ್ಲ ಅಂತ ಕೊರಗ್ತಾರೆ. ಏನ್ ಮಾಡ್ಲಿ?

ಗೋಡೆ ಈಚೆಯವನು:

ನಂಗೆ ಈ ಕಾಯಿಲೆ ಇದೆ, 11 ವರ್ಷ ಆಯ್ತು, ಕೆಲ್ಸಕ್ಕೂ ಹೋಗ್ತೀನಿ. ಮೊದಲು ಒಂದು ವಿಷ್ಯ. ಆ ದನಿ ಅನ್ನೋದು "ಅನ್ಸೋದು" ಅಲ್ಲ ಅಕ್ಕ, ಕೇಳೋದು. ನಿಮ್ಮನ್ನ ಹಿಂದಿಂದ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಹೇಗೆ ತಿರುಗಿ ನೋಡ್ತೀರೋ ಅಷ್ಟೇ ನಿಜ ಅದು, ಸ್ಕ್ಯಾನ್ ಮಾಡಿ ನೋಡಿದಾಗ ಮಾತು ಕೇಳಿಸ್ಕೊಳ್ಳೋ ಭಾಗಗಳೇ ಮೆದುಳಲ್ಲಿ ಚುರುಕಾಗಿರೋದು ಕಂಡಿದೆ. ಹಂಗಿರುವಾಗ ನೀವು ಸಾಕ್ಷಿ ತಂದು ಮುಂದಿಟ್ರೆ ನಮಗೆ ಕಾಣೋದು ಒಂದೇ, ಇವಳ್ಯಾಕೆ ಇಷ್ಟು ಕಷ್ಟಪಟ್ಟು ಮುಚ್ಚಿಡ್ತಿದಾಳೆ ಅಂತ.

ಹೌದು ಅಂತಾನೂ ಅನ್ಬೇಡಿ, ಇಲ್ಲ ಅಂತಾನೂ ಜಗಳಕ್ಕೆ ಬೀಳ್ಬೇಡಿ. ನನ್ನಣ್ಣ ಹೇಳ್ತಿದ್ದಿದ್ದು ಇಷ್ಟೇ, "ನಂಗೆ ಕೇಳಿಸ್ತಿಲ್ಲ ಕಣೋ, ಆದ್ರೆ ನಿಂಗೆ ಕೇಳಿಸ್ತಿದೆ ಅನ್ನೋದು ಗೊತ್ತು, ಭಯ ಆಗ್ತಿದ್ಯಾ, ಇಲ್ಲೇ ಕೂತಿರ್ಲಾ?" ಅಂತ. ದನಿ ನಿಲ್ತಿರ್ಲಿಲ್ಲ, ಒಬ್ಬನೇ ಇದೀನಿ ಅನ್ನೋದು ನಿಲ್ತಿತ್ತು.

ಊಟದಲ್ಲಿ ಮಾತ್ರೆ ಬೆರೆಸೋ ಕೆಲ್ಸ ಬೇಡವೇ ಬೇಡ. ನಮ್ಮನೇಲಿ ಬೆರೆಸಿದ್ರು, ನಂಗೆ ಗೊತ್ತಾಗೋಯ್ತು, ಆಮೇಲೆ ಮೂರು ತಿಂಗಳು ನನ್ನ ಕೈಯಾರೆ ಬಿಚ್ಚಿದ ಪ್ಯಾಕೆಟ್ ಬಿಟ್ಟು ಬೇರೇನೂ ತಿನ್ಲಿಲ್ಲ. ವಿಷ ಹಾಕ್ತಾರೆ ಅಂತ ಮೊದಲೇ ಅನುಮಾನ ಇರೋನಿಗೆ ನಿಜವಾಗ್ಲೂ ಏನೋ ಹಾಕಿಬಿಟ್ರೆ ಇನ್ನೇನು ಉಳೀತು ಹೇಳಿ.

ಇನ್ನೊಂದು, ಯಾಕ್ ಬಿಟ್ಟೆ ಅಂತ ಕೇಳಿದೀರಾ? ನಾನು ಬಿಟ್ಟಿದ್ದು ಕಾಲು ನಿಲ್ತಿರ್ಲಿಲ್ಲ ಅಂತ, ಒಳಗೆ ಇರುವೆ ಹರಿದಂಗೆ, ಎರಡು ನಿಮಿಷ ಕೂರಕ್ಕಾಗಲ್ಲ. ಅದಕ್ಕೆ ಅಕಾಥಿಸಿಯಾ ಅಂತ ಹೆಸರಿದೆ, ಡೋಸ್ ಇಳಿಸಿದ್ರೆ ಅಥವಾ ಮಾತ್ರೆ ಬದಲಾಯಿಸಿದ್ರೆ ಸರಿಹೋಗತ್ತೆ ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ, ಅಲ್ಲಿವರೆಗೆ ಯಾರೂ ಕೇಳಿರ್ಲೂ ಇಲ್ಲ.

ನೇರ ನುಡಿ:

ಮಾತ್ರೆ ಅಂದ್ರೆ ಚಟ ಆಗ್ಬಿಡತ್ತೆ, ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಹೇಳಿ ಸಾಕು. ಅದೂ ಅಲ್ದೆ ಇದು ಒಬ್ಬನೊಳಗೆ ಇಬ್ಬರು ಇರೋ ಕಾಯಿಲೆ ಅಲ್ವಾ, ಯಾವಾಗ ಮೈಮೇಲೆ ಬೀಳ್ತಾರೋ, ಹುಷಾರು.

ರಾತ್ರಿ ಪಾಳಿ ನರ್ಸ್:

ಮೇಲಿನವರಿಗೆ: ಮೂರು ಮಾತಲ್ಲಿ ಮೂರೂ ತಪ್ಪು. ಇಬ್ಬರು ಇರೋದು ಬೇರೆ ಕಾಯಿಲೆ. 1908ರಲ್ಲಿ ಸ್ವಿಟ್ಜರ್ಲೆಂಡ್‌ನ ಬ್ಲಾಯ್ಲರ್ ಅನ್ನೋ ಡಾಕ್ಟರ್ ಗ್ರೀಕ್‌ನಲ್ಲಿ "ಒಡೆದ ಮನಸ್ಸು" ಅನ್ನೋ ಅರ್ಥ ಬರೋ ಹೆಸರಿಟ್ರು, ಅವರು ಹೇಳಿದ್ದು ಯೋಚನೆ ಒಂದು ಕಡೆ ಭಾವನೆ ಒಂದು ಕಡೆ ಕಿತ್ಕೊಂಡು ಹೋಗೋದರ ಬಗ್ಗೆ. ಆ ಹೆಸರಿಂದಾನೇ ಅವಮಾನ ಆಗ್ತಿದೆ ಅಂತ ಜಪಾನ್‌ನಲ್ಲಿ 2002ರಲ್ಲಿ ಹೆಸರನ್ನೇ ಬದಲಾಯಿಸಿದ್ರು. ಹೊಡೆಯೋದಕ್ಕಿಂತ ಹೊಡೆಸ್ಕೊಳ್ಳೋದೇ ಇವರಲ್ಲಿ ಹೆಚ್ಚು. ಈ ಕಾಯಿಲೆಗೆ ಕೊಡೋ ಆಂಟಿಸೈಕೋಟಿಕ್ ಮಾತ್ರೆಗೆ ಚಟ ಹಿಡಿಯಲ್ಲ, ಚಟ ಹಿಡಿಯೋ ಹಾಗಿದ್ರೆ ಇಷ್ಟು ಜನ ಯಾಕ್ರೀ ಬಿಡ್ತಿದ್ರು.

ಅಕ್ಕನಿಗೆ: "ನಂಗೇನೂ ಆಗಿಲ್ಲ" ಅನ್ನೋದು ಹಠ ಅಲ್ಲ, ತನಗೆ ಕಾಯಿಲೆ ಇದೆ ಅಂತ ಗುರುತಿಸೋ ಶಕ್ತಿನೇ ಕಾಯಿಲೆಗೆ ಸಿಕ್ಕಿ ಕುಂದಿರತ್ತೆ. ಆದ್ರಿಂದ ಕಾಯಿಲೆ ಒಪ್ಪಿಸೋಕೆ ಹೋಗ್ಬೇಡಿ, ನಿದ್ದೆ ಬರ್ತಿಲ್ಲ, ಭಯ ಆಗ್ತಿದೆ ಅನ್ನೋದನ್ನ ಅವನೂ ಒಪ್ತಾನಲ್ಲ, ಅದಕ್ಕೇ ಡಾಕ್ಟರ್ ಹತ್ರ ಹೋಗೋಣ ಅನ್ನಿ. ದಿನಾ ಮಾತ್ರೆ ಬೇಜಾರು ಅಂದ್ರೆ ಕೆಲವು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಕೊಡೋ ಇಂಜೆಕ್ಷನ್ ಇದೆ, ಕೇಳಿ. ಎರಡು ಬೇರೆ ಬೇರೆ ಮಾತ್ರೆ ಸರಿಯಾಗಿ ಕೊಟ್ಟೂ ಕೇಳದಿದ್ರೆ ಕ್ಲೋಜಪೈನ್ ಅಂತ ಇದೆ, ಬಿಳಿ ರಕ್ತಕಣ ಕಮ್ಮಿ ಆಗ್ಬಹುದು ಅಂತ ರಕ್ತ ಪರೀಕ್ಷೆ ಮಾಡಿಸ್ತಾ ಇರ್ಬೇಕು.

ಅಪ್ಪನಿಗೆ ಹೇಳಿ, ಬೆಳೆಸಿದ್ದಕ್ಕೆ ಬರೋ ಕಾಯಿಲೆ ಅಲ್ಲ ಇದು. ಒಂದು ಕಾಲದಲ್ಲಿ ತಾಯಂದಿರ ಮೇಲೇ ಹೊರಿಸ್ತಿದ್ರು, ಆ ವಾದ ಬಿದ್ದುಹೋಗಿ ಎಷ್ಟೋ ದಶಕ ಆಯ್ತು. ವಂಶವಾಹಿ ಪಾತ್ರ ದೊಡ್ಡದು, ಆದ್ರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದ್ರೆ ಇನ್ನೊಬ್ಬರಿಗೆ ಬರೋದು ಹೆಚ್ಚೂಕಮ್ಮಿ ಅರ್ಧದಷ್ಟು ಸಲ ಅಥವಾ ಅದಕ್ಕೂ ಕಮ್ಮಿ. ಗಾಂಜಾ ಸೇದ್ತಿದ್ರೆ ಮಾತ್ರ ನಿಲ್ಲಿಸೋಕೆ ಸಹಾಯ ಮಾಡಿ.

ಸಾಯೋ ಮಾತಾಡಿದ್ರೆ, ದನಿ ಏನೋ ಮಾಡು ಅಂತ ಆಜ್ಞೆ ಕೊಡ್ತಿದೆ ಅಂದ್ರೆ, ಅನ್ನ ನೀರು ನಿದ್ದೆ ಪೂರ್ತಿ ಬಿಟ್ರೆ ಅವತ್ತೇ ಆಸ್ಪತ್ರೆ, ನಾಳೆ ನೋಡೋಣ ಅನ್ಬೇಡಿ. "ಸಾಯ್ಬೇಕು ಅನ್ಸತ್ತಾ" ಅಂತ ಬಾಯಿಬಿಟ್ಟು ಕೇಳಿದ್ರೆ ತಲೆಗೆ ಹೊಸದಾಗಿ ಹುಳ ಬಿಟ್ಟಂಗೆ ಆಗಲ್ಲ, ಕೇಳಿ.

ಮಗನ ಅಮ್ಮ:

ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ ಅಂತ ಬರೀತಿದೀನಿ. ದನಿ ಎಲ್ಲ ನಿಂತ್ಮೇಲೂ ನನ್ನ ಮಗ ಸುಮ್ನೆ ಗೋಡೆ ನೋಡ್ಕೊಂಡು ಕೂರ್ತಿದ್ದ, ಸ್ನಾನ ಇಲ್ಲ, ಮಾತಿಲ್ಲ, ನಗು ಇಲ್ಲ. ವಾಸಿ ಆಯ್ತಲ್ಲ ಈಗ ಏನ್ ರೋಗ ನಿಂಗೆ ಅಂತ ದಿನಾ ಬೆಳಗ್ಗೆ ಅದೇ ರಾಗ ನಂದು. ಅದೂ ಕಾಯಿಲೆದೇ ಭಾಗ ಅಂತೆ, ಆಮೇಲೆ ಗೊತ್ತಾಯ್ತು. ಮನೇಲಿ ಸದಾ ಟೀಕೆ ಮಾಡೋದು, ಮೇಲೆ ಬಿದ್ದು ಬಿದ್ದು ನೋಡ್ಕೊಳ್ಳೋದು ಎರಡೂ ಇದ್ರೆ ಕಾಯಿಲೆ ಬೇಗ ಮರುಕಳಿಸತ್ತೆ ಅಂತಾನೂ ಡಾಕ್ಟರ್ ಹೇಳಿದ್ರು, ನಾನು ಎರಡರಲ್ಲೂ ಫಸ್ಟ್ ಕ್ಲಾಸು. ಈಗ ಒಂದು ದಿನಕ್ಕೆ ಒಂದೇ ಮಾತು ಕೇಳ್ತೀನಿ, ಗಿಡಕ್ಕೆ ನೀರ್ ಹಾಕ್ತೀಯಾ ಅಂತ. ಕೆಲವು ದಿನ ಹಾಕ್ತಾನೆ.

ನಿದ್ದೆಗೆಟ್ಟ ಅಕ್ಕ:

ನಾಲ್ಕು ದಿನ ಏನೂ ವಾದ ಮಾಡ್ಲಿಲ್ಲ, ನಾಲಿಗೆ ಕಚ್ಕೊಂಡು ಇದ್ದೆ. ನಿನ್ನೆ ರಾತ್ರಿ ಯಾಕ್ ಬಿಟ್ಟೆ ಅಂತ ಮೆತ್ತಗೆ ಕೇಳ್ದೆ. ತಲೆ ತುಂಬ ಹತ್ತಿ ತುರುಕಿದಂಗೆ ಆಗ್ತಿತ್ತು, ಒಂದು ಸಾಲು ಓದಕ್ಕಾಗ್ತಿರ್ಲಿಲ್ಲ ಅಂದ. ಇದನ್ನೇ ಡಾಕ್ಟರ್‌ಗೆ ಹೇಳೋಣ್ವಾ ಅಂದೆ, ತುಂಬ ಹೊತ್ತು ಸುಮ್ನಿದ್ದು ಹೂಂ ಅಂದ, ಆದ್ರೆ ನೀನು ಒಳಗೆ ಬರ್ಬೇಡ, ಬಾಗಿಲ ಹೊರಗೆ ಕೂತಿರು ಅಂದ. ಕೂತಿರ್ತೀನಿ ಅಂದಿದೀನಿ. ಗುರುವಾರಕ್ಕೆ ಟೈಮ್ ಸಿಕ್ಕಿದೆ.