ಯುವ ಸಂಘಟನೆಗಳಲ್ಲಿ ಮಕ್ಕಳ ಸುರಕ್ಷತೆ: ಪೊಲೀಸ್ ಪರಿಶೀಲನೆ ಒಂದೇ ಸಾಕಾ?

ಹಳೇಶಿಬಿರ:
ಎಂಟು ವರ್ಷ ಒಂದು ಯುವ ಸಂಘಟನೆಯಲ್ಲಿದ್ದೆ. ಗಂಟು ಹಾಕೋದು, ಡೇರೆ ಕಟ್ಟೋದು, ನಾಲ್ಕು ಜನರ ಮುಂದೆ ನಿಂತು ಮಾತಾಡೋದು, ಎಲ್ಲ ಕಲಿತದ್ದು ಅಲ್ಲೇ. ಹಾಗಾಗಿ ಇಂಥವನ್ನೆಲ್ಲ ಮುಚ್ಚಿಬಿಡಿ ಅನ್ನುವವರ ಜೊತೆ ನಾನಿಲ್ಲ. ಆದರೆ ನಮ್ಮಲ್ಲಿ ಒಬ್ಬ ನಾಯಕರಿದ್ದರು. ಶಿಬಿರದಲ್ಲಿ ರಾತ್ರಿ ಊಟ ಆದಮೇಲೆ 'ಲೆಕ್ಕ ಬರೆಯೋಕೆ ಬಾ' ಎಂದು ಯಾರಾದರೂ ಒಬ್ಬ ಹುಡುಗನನ್ನು ತಮ್ಮ ಡೇರೆಗೆ ಕರೆಯುತ್ತಿದ್ದರು. ಏನೋ ಸರಿಯಿಲ್ಲ ಅಂತ ನಮಗೆಲ್ಲ ಅನಿಸುತ್ತಿತ್ತು, ಯಾರಿಗೆ ಹೇಳೋದು ಗೊತ್ತಿರಲಿಲ್ಲ. ಕೊನೆಗೆ ಒಬ್ಬ ಬಾಯಿಬಿಟ್ಟ. ಆಮೇಲೆ ಆದದ್ದು ಬೀಳ್ಕೊಡುಗೆ ಸಮಾರಂಭ. ಅವರನ್ನು ಸುಮ್ನೆ ಬೇರೆ ಊರಿನ ತಂಡಕ್ಕೆ ಕಳಿಸಿದರು. ಅವತ್ತಿನ ಫೋಟೋದಲ್ಲಿ ನಾನೂ ಇದ್ದೇನೆ, ಎರಡನೇ ಸಾಲಿನಲ್ಲಿ, ಚಪ್ಪಾಳೆ ತಟ್ಟುತ್ತಾ.

ಈಗ ಅದೇ ಸಂಘಟನೆ 'ಸುಧಾರಣೆಗೆ ಸಲಹೆ ಕೊಡಿ' ಎಂದು ಹಳಬರಿಗೆ ಪತ್ರ ಬರೆದಿದೆ. ಕರಡಿನಲ್ಲಿ ಪೊಲೀಸ್ ಪರಿಶೀಲನೆ ಬಿಟ್ಟರೆ ಬೇರೇನೂ ಇಲ್ಲ. ಏನು ಬರೆಯಲಿ?

ಕಾವಲುಗಣ್ಣು:
ನಿಮ್ಮ ಆ ನಾಯಕರ ಮೇಲೆ ಒಂದು ಕೇಸೂ ಇರಲಿಲ್ಲ ಅಲ್ವಾ? ಪರಿಶೀಲನೆಯಲ್ಲಿ ಸಲೀಸಾಗಿ ಪಾಸಾಗುತ್ತಿದ್ದರು. ಒಮ್ಮೆ ಸಿಕ್ಕಿಬಿದ್ದವರು ಮಾತ್ರ ಅದರಲ್ಲಿ ಸಿಗುತ್ತಾರೆ. ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರೋದು ಇಬ್ಬರು ದೊಡ್ಡವರ ನಿಯಮ. ಡೇರೆ, ಕಾರು, ಫೋನ್ ಮೆಸೇಜು, ಎಲ್ಲೇ ಆಗಲಿ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮರೆಯಲ್ಲಿ ಇರುವಂತಿಲ್ಲ. ಆ ನಿಯಮ ಮಕ್ಕಳಿಗೂ ಬಾಯಿಪಾಠ ಆಗಿರಬೇಕು. ಆಗ 'ಲೆಕ್ಕ ಬರೆಯೋಕೆ ಬಾ' ಅಂದ ಕೂಡಲೇ ಹುಡುಗನಿಗೇ ಗೊತ್ತಾಗುತ್ತದೆ, ಇದು ತಪ್ಪು ಅಂತ.

ಕಡತಪ್ರಿಯ:
ಅಮೆರಿಕದ ಬಾಯ್ ಸ್ಕೌಟ್ಸ್ ಕಥೆ ನೋಡಿ. ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪವಿದ್ದ ನಾಯಕರ ಪಟ್ಟಿಯನ್ನು ಅವರು ದಶಕಗಳಿಂದ ಇಟ್ಟಿದ್ದರು, ಆದರೆ ಬೀಗ ಹಾಕಿ. 2012ರಲ್ಲಿ ಕೋರ್ಟ್ ಆದೇಶದಿಂದ 1,200ಕ್ಕೂ ಹೆಚ್ಚು ಕಡತಗಳು ಹೊರಬಂದಾಗ, ಎಷ್ಟೋ ದೂರುಗಳು ಪೊಲೀಸರ ತನಕ ಹೋಗಿಯೇ ಇರಲಿಲ್ಲ ಅನ್ನೋದು ಬಯಲಾಯಿತು. 2020ರಲ್ಲಿ ಸಂಘಟನೆ ದಿವಾಳಿ ಅರ್ಜಿ ಹಾಕಿತು, ಪರಿಹಾರ ಕೇಳಿ ಬಂದವರು 82,000ಕ್ಕೂ ಹೆಚ್ಚು. ಪಟ್ಟಿ ಇತ್ತು ಸ್ವಾಮಿ, ಹೊರಗಿನವರ ಕಣ್ಣಿಗೆ ಬೀಳಲಿಲ್ಲ ಅಷ್ಟೇ. ಹಾಗಾಗಿ ದೂರು ಒಳಗಿನ ಸಮಿತಿಗೆ ಹೋಗಬಾರದು. ಸಂಘಟನೆಯ ಹೆಸರು ಉಳಿಸಬೇಕಾದವರೇ ಅಲ್ಲಿ ಕೂತಿರುತ್ತಾರೆ.

ಭಾನುವಾರದ ಸ್ವಯಂಸೇವಕ:
ಹೇಳೋದು ಸುಲಭ. ನಮ್ಮ ತಂಡಕ್ಕೆ ಒಬ್ಬರು ಸಿಗೋದೇ ಕಷ್ಟ, ಇಬ್ಬರನ್ನು ಎಲ್ಲಿಂದ ತರೋದು? ಎಲ್ಲರನ್ನೂ ಕಳ್ಳರ ಹಾಗೆ ನೋಡಿದರೆ ಇರುವವರೂ ಬಿಟ್ಟು ಹೋಗುತ್ತಾರೆ.

ಹಳೇಶಿಬಿರ:
@ಭಾನುವಾರದ ಸ್ವಯಂಸೇವಕ, ಇಬ್ಬರು ಇಲ್ಲದ ದಿನ ಶಿಬಿರ ಬೇಡ, ಅಷ್ಟೇ. ಬೇಜಾರು ಮಾಡಿಕೊಳ್ಳಬೇಡಿ, ಆ ನಿಯಮ ಸುಳ್ಳು ಆರೋಪದಿಂದ ನಿಮ್ಮನ್ನೂ ಕಾಯುತ್ತದೆ. ನಮ್ಮ ನಾಯಕರನ್ನು ಊರೆಲ್ಲ ದೇವರಂಥವರು ಅನ್ನುತ್ತಿತ್ತು, ಒಬ್ಬರೂ ಪ್ರಶ್ನೆ ಕೇಳದೇ ಇದ್ದದ್ದು ಅದಕ್ಕೇ.

ಸರಿ, ಹೀಗೆ ಬರೆಯುತ್ತೇನೆ: ಇಬ್ಬರು ದೊಡ್ಡವರ ನಿಯಮ, ದೂರು ಬಂದ ದಿನವೇ ಪೊಲೀಸರಿಗೆ ತಿಳಿಸೋದು, ದೂರು ಇರುವಾಗ ವರ್ಗಾವಣೆ ಇಲ್ಲ, ಮತ್ತೆ ವರ್ಷಕ್ಕೊಮ್ಮೆ ಹೊರಗಿನವರು ಬಂದು ಮಕ್ಕಳನ್ನೇ ಕೇಳಿ ತಪಾಸಣೆ ಮಾಡೋದು. ತಪಾಸಣೆಯ ಖರ್ಚು ಎಲ್ಲಿಂದ ಅನ್ನೋದನ್ನೂ ಸೇರಿಸಬೇಕು. ಇಲ್ಲದಿದ್ದರೆ 'ದುಡ್ಡಿಲ್ಲ' ಎಂದು ಅಲ್ಲಿಗೇ ಕೈಬಿಡುತ್ತಾರೆ. ಯಾರಾದರೂ ಇಂಥ ತಪಾಸಣೆ ಮಾಡಿಸಿದ್ದರೆ ಹೇಗೆ ನಡೆಯಿತು ಹೇಳಿ.